ಲೆಕ್ಕಕ್ಕೆ ಬಾರದ ಆಟ: ಅರ್ಥಶಾಸ್ತ್ರದ ಸಂಶೋಧನೆಯಲ್ಲಿ ಮಹಿಳಾ ಕ್ರೀಡೆ

ಆಟಗಾರರ ಸಂಬಳ, ಟಿಕೆಟ್ ದರ, ಪ್ರಸಾರ ಹಕ್ಕಿನ ಬೆಲೆ, ತಂಡಗಳ ನಡುವಿನ ಪೈಪೋಟಿ, ಕ್ರೀಡಾಂಗಣಕ್ಕೆ ಸುರಿಯುವ ಸರ್ಕಾರಿ ಹಣ: ಇವನ್ನೆಲ್ಲ ಅರ್ಥಶಾಸ್ತ್ರದ ಕಣ್ಣಿನಿಂದ ನೋಡುವ ಶಾಖೆಗೆ ಕ್ರೀಡಾ ಅರ್ಥಶಾಸ್ತ್ರ ಎಂದು ಹೆಸರು. ಅದು ಹುಟ್ಟಿ ಎಪ್ಪತ್ತು ವರ್ಷವಾಗುತ್ತ ಬಂದಿದೆ. ಮೊದಲ ಮೂರು-ನಾಲ್ಕು ದಶಕಗಳ ಬರಹಗಳನ್ನು ತಿರುವಿದರೆ ಕಣ್ಣಿಗೆ ಬೀಳುವುದು ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಇಂಗ್ಲೆಂಡಿನ ಫುಟ್‌ಬಾಲ್ ಲೀಗು. ಅಂದರೆ ಬಹುಮಟ್ಟಿಗೆ ಗಂಡಸರ ಆಟ.

ಮಹಿಳಾ ಕ್ರೀಡೆ ಈ ಶಾಖೆಯೊಳಗೆ ಬಂದದ್ದು ಎರಡು ದಾರಿಗಳಲ್ಲಿ. ಒಂದರಲ್ಲಿ ಅದು ಬರೀ ಸಾಧನ. ಶಿಕ್ಷಣ, ಉದ್ಯೋಗ, ಪೈಪೋಟಿಯ ಮನೋಭಾವದಂಥ ದೊಡ್ಡ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆಟಗಾರ್ತಿಯರ ಅಂಕಿಅಂಶಗಳು ಒದಗಿಬಂದವು. ಇನ್ನೊಂದರಲ್ಲಿ ಅದೇ ಅಧ್ಯಯನದ ವಸ್ತು. ಈ ಉದ್ಯಮ ಹೇಗೆ ಬೆಳೆಯುತ್ತದೆ, ಯಾರು ನೋಡುತ್ತಾರೆ, ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ವಿಚಾರಣೆ. ಮೊದಲ ದಾರಿ ಬೇಗ ಸವೆಯಿತು, ಎರಡನೆಯದರಲ್ಲಿ ಓಡಾಟ ಹೆಚ್ಚಿದ್ದು ಇತ್ತೀಚೆಗೆ. ಇದಕ್ಕೆ ಕಾರಣ ಸಂಶೋಧಕರ ಉದಾಸೀನವಷ್ಟೇ ಅಲ್ಲ. ಹಣ ಹರಿದ ಕಡೆ ಲೆಕ್ಕ ಇಡುತ್ತಾರೆ, ಲೆಕ್ಕ ಇಟ್ಟ ಕಡೆ ಸಂಶೋಧನೆ ನಡೆಯುತ್ತದೆ, ಸಂಶೋಧನೆ ಹೇಳಿದ್ದನ್ನು ನಂಬಿ ಮತ್ತೆ ಅಲ್ಲಿಗೇ ಹಣ ಹರಿಯುತ್ತದೆ. ಮಹಿಳಾ ಕ್ರೀಡೆ ಈ ಸುತ್ತಿನ ಹೊರಗೇ ಬಹುಕಾಲ ನಿಂತಿತ್ತು.

ಶಾಖೆ ಹುಟ್ಟಿದ ಬಗೆ

1956ರಲ್ಲಿ ಸೈಮನ್ ರಾಟನ್‌ಬರ್ಗ್ ‘ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ’ಯಲ್ಲಿ ಬೇಸ್‌ಬಾಲ್ ಆಟಗಾರರ ದುಡಿಮೆಯ ಮಾರುಕಟ್ಟೆ ಕುರಿತು ಬರೆದ ಪ್ರಬಂಧವನ್ನು ಈ ಶಾಖೆಯ ಆರಂಭ ಎಂದು ಎಣಿಸುತ್ತಾರೆ. 1964ರಲ್ಲಿ ವಾಲ್ಟರ್ ನೀಲ್ ಕ್ರೀಡಾ ಉದ್ಯಮದ ಒಂದು ವೈಚಿತ್ರ್ಯವನ್ನು ಗುರುತಿಸಿದರು. ಬೇರೆ ವ್ಯಾಪಾರದಲ್ಲಿ ಎದುರಾಳಿ ಮುಳುಗಿದರೆ ಲಾಭ; ಆಟದಲ್ಲಿ ಸರಿಸಮನಾದ ಎದುರಾಳಿ ಇಲ್ಲದಿದ್ದರೆ ನೋಡಲು ಯಾರೂ ಬರುವುದಿಲ್ಲ. 1974ರಲ್ಲಿ ಜೆರಾಲ್ಡ್ ಸ್ಕಲಿ, ಬೇಸ್‌ಬಾಲ್ ಆಟಗಾರ ತಂಡಕ್ಕೆ ಎಷ್ಟು ಆದಾಯ ತಂದುಕೊಡುತ್ತಾನೆ, ಕೈಗೆ ಎಷ್ಟು ಪಡೆಯುತ್ತಾನೆ ಎಂದು ಅಳೆದು, ಎರಡರ ನಡುವಿನ ಅಂತರ ಬಹಳ ದೊಡ್ಡದು ಎಂದು ತೋರಿಸಿದರು. ‘ಜರ್ನಲ್ ಆಫ್ ಸ್ಪೋರ್ಟ್ಸ್ ಎಕನಾಮಿಕ್ಸ್’ ಶುರುವಾದದ್ದು 2000ದಲ್ಲಿ. ಅದೇ ವರ್ಷ ಲಾರೆನ್ಸ್ ಕಾನ್, ಕ್ರೀಡಾ ಉದ್ಯಮವೆಂದರೆ ದುಡಿಮೆಯ ಮಾರುಕಟ್ಟೆಯ ಪ್ರಯೋಗಶಾಲೆ ಎಂದು ಬರೆದರು.

ಕಾನ್ ಹೇಳಿದ ಆ ಮಾತಿನಲ್ಲಿ ಈ ಶಾಖೆಯ ಬಲವೂ ಇದೆ, ಮಿತಿಯೂ ಇದೆ. ಕಾರ್ಖಾನೆಯ ಕೆಲಸಗಾರ ದಿನಕ್ಕೆ ಎಷ್ಟು ದುಡಿದ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಬ್ಯಾಟ್ಸ್‌ಮನ್ ಹೊಡೆದ ಪ್ರತಿಯೊಂದು ರನ್ನೂ ದಾಖಲಾಗುತ್ತದೆ, ಅವನ ಸಂಬಳ ಪತ್ರಿಕೆಯಲ್ಲಿ ಬರುತ್ತದೆ. ಅರ್ಥಶಾಸ್ತ್ರಜ್ಞರು ಕ್ರೀಡೆಯತ್ತ ತಿರುಗಿದ್ದೇ ಈ ಅನುಕೂಲಕ್ಕಾಗಿ. ಹೀಗಾಗಿ ಯಾವ ಆಟದ ದಾಖಲೆ ಅಚ್ಚುಕಟ್ಟಾಗಿತ್ತೋ ಅದೇ ಅಧ್ಯಯನಕ್ಕೆ ಯೋಗ್ಯ ಎನಿಸಿಕೊಂಡಿತು. ಮಹಿಳೆಯರ ಲೀಗುಗಳು ಆಗಾಗ ಹುಟ್ಟಿ ಮುಚ್ಚುತ್ತಿದ್ದವು. ಅಮೆರಿಕದ ಮಹಿಳಾ ಫುಟ್‌ಬಾಲ್ ಒಂದನ್ನೇ ನೋಡಿದರೆ, 2001ರಲ್ಲಿ ಆಟ ಆರಂಭಿಸಿದ ಲೀಗು 2003ರಲ್ಲಿ ನಿಂತಿತು. 2009ರಲ್ಲಿ ಬಂದ ಮತ್ತೊಂದು 2012ರಲ್ಲಿ ಮುಚ್ಚಿತು. ಈಗಿನದು 2013ರಿಂದ ನಡೆಯುತ್ತಿದೆ. ಮೂರು ವರ್ಷ ಬಾಳಿದ ಲೀಗಿನಿಂದ ಇಪ್ಪತ್ತು ವರ್ಷದ ಅಂಕಿಅಂಶ ಸಿಗುವುದಿಲ್ಲ. ಮಹಿಳಾ ಕ್ರೀಡೆಯ ಅರ್ಥಶಾಸ್ತ್ರಕ್ಕೇ ಮೀಸಲಾದ ದೊಡ್ಡ ಕೈಪಿಡಿಯೊಂದನ್ನು ಇವಾ ಮಾರಿಕೋವಾ ಲೀಡ್ಸ್ ಮತ್ತು ಮೈಕೆಲ್ ಲೀಡ್ಸ್ ಸಂಪಾದಿಸಿ ತಂದದ್ದು 2013ರಲ್ಲಿ.

ನಿಷೇಧದ ನೆರಳು

‘ಮಹಿಳೆಯರ ಆಟಕ್ಕೆ ಬೇಡಿಕೆ ಇಲ್ಲ, ಅದಕ್ಕೇ ಹಣ ಇಲ್ಲ’ ಎಂಬುದು ಹಳೆಯ ವಾದ. ಇತಿಹಾಸ ಅದನ್ನು ಅಷ್ಟು ಸಲೀಸಾಗಿ ಒಪ್ಪಲು ಬಿಡುವುದಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಡಿಕ್ ಕೆರ್ ಲೇಡೀಸ್ ಮತ್ತು ಸೇಂಟ್ ಹೆಲೆನ್ಸ್ ಮಹಿಳಾ ತಂಡಗಳ ಪಂದ್ಯ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರು ಆಡಕೂಡದು ಎಂದು ತೀರ್ಮಾನಿಸಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ ಎಂಬುದು ಕೊಟ್ಟ ಕಾರಣ. ನಿಷೇಧ ಸುಮಾರು ಐವತ್ತು ವರ್ಷ ಇತ್ತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದೇ ನಿರ್ಬಂಧ ಜಾರಿಯಲ್ಲಿತ್ತು.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಕತ್ತರಿಸಿದ್ದು ಪೂರೈಕೆಯನ್ನು. ಬೇಡಿಕೆ ಆಮೇಲೆ ತಾನಾಗಿ ಒಣಗಿತು. ಆಟದ ಅಭಿಮಾನ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ. ಅಪ್ಪ ಬೆಂಬಲಿಸಿದ ತಂಡವನ್ನು ಮಗ ಬೆಂಬಲಿಸುತ್ತಾನೆ. ಐವತ್ತು ವರ್ಷ ತಂಡವೇ ಇಲ್ಲದಿದ್ದರೆ ದಾಟಿಸಲು ಏನೂ ಇರುವುದಿಲ್ಲ. ಆದ್ದರಿಂದ ಶತಮಾನ ದಾಟಿದ ಪುರುಷರ ಲೀಗನ್ನೂ ಹತ್ತು ವರ್ಷದ ಮಹಿಳಾ ಲೀಗನ್ನೂ ಪಕ್ಕಪಕ್ಕ ಇಟ್ಟು ಪ್ರೇಕ್ಷಕರನ್ನು ಎಣಿಸುವುದು ಸರಿಯಾದ ಹೋಲಿಕೆಯಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಬೆರ್ರಿ ವಾದಿಸುತ್ತ ಬಂದಿದ್ದಾರೆ. ಹೋಲಿಸುವುದಾದರೆ ಒಂದೇ ವಯಸ್ಸಿನಲ್ಲಿ ಹೋಲಿಸಬೇಕು. ಇಂದು ಜಗತ್ತಿನ ಶ್ರೀಮಂತ ಲೀಗುಗಳಲ್ಲಿ ಒಂದಾದ, ಅಮೆರಿಕದ ಪುರುಷರ ಬ್ಯಾಸ್ಕೆಟ್‌ಬಾಲ್ ಲೀಗು ಎನ್‌ಬಿಎ 1949-50ರಲ್ಲಿ 17 ತಂಡಗಳೊಂದಿಗೆ ನಡೆದು, ಐದಾರು ವರ್ಷಗಳಲ್ಲಿ ಎಂಟಕ್ಕೆ ಕುಸಿದಿತ್ತು. ಅಷ್ಟಕ್ಕೇ ಅದರ ಭವಿಷ್ಯ ಮುಗಿಯಲಿಲ್ಲ.

ಟೈಟಲ್ ನೈನ್: ಕಾನೂನು ಒದಗಿಸಿದ ಪ್ರಯೋಗ

ಮಹಿಳಾ ಕ್ರೀಡೆಯನ್ನು ಅರ್ಥಶಾಸ್ತ್ರದ ಮುಖ್ಯವಾಹಿನಿಗೆ ತಂದದ್ದು ಲೀಗುಗಳಲ್ಲ, ಶಾಲೆಗಳು. 1972ರ ಜೂನ್‌ನಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ‘ಟೈಟಲ್ ನೈನ್’ ಕಾನೂನು, ಒಕ್ಕೂಟ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ಭೇದ ಮಾಡಬಾರದು ಎಂದಿತು. ಅದರ ಮೂಲ ಪಠ್ಯದಲ್ಲಿ ಕ್ರೀಡೆಯ ಪ್ರಸ್ತಾಪವೇ ಇಲ್ಲ. ಆದರೂ ಎಲ್ಲಕ್ಕಿಂತ ಹೆಚ್ಚು ಅಲುಗಾಡಿದ್ದು ಶಾಲೆಯ ಆಟದ ಮೈದಾನ. 1971-72ರಲ್ಲಿ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷಕ್ಕೂ ಕಡಿಮೆ, ಹುಡುಗರು 36 ಲಕ್ಷಕ್ಕೂ ಹೆಚ್ಚು. 1978ರ ಹೊತ್ತಿಗೆ ಹುಡುಗಿಯರ ಸಂಖ್ಯೆ 20 ಲಕ್ಷ ದಾಟಿತು.

ಆಟ ಆಡಿದ ಹುಡುಗಿಯರು ಮುಂದೆ ಹೆಚ್ಚು ಓದುತ್ತಾರೆ, ಒಳ್ಳೆಯ ಕೆಲಸ ಹಿಡಿಯುತ್ತಾರೆ ಎಂದು ತೋರಿಸುವುದು ಕಷ್ಟವಲ್ಲ. ಅದು ಆಟದಿಂದಲೇ ಆಯಿತು ಎಂದು ತೋರಿಸುವುದು ಕಷ್ಟ. ಮೊದಲೇ ಚುರುಕಾಗಿದ್ದವರು, ಅನುಕೂಲಸ್ಥರ ಮಕ್ಕಳು ಆಟಕ್ಕೂ ಸೇರಿರಬಹುದು, ಓದಿನಲ್ಲೂ ಮುಂದಿರಬಹುದು. ಬೆಟ್ಸಿ ಸ್ಟೀವನ್‌ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟನ್ನು ಜಾಣತನದಿಂದ ಬಿಡಿಸಿತು. ಕಾನೂನು ಬರುವ ಮೊದಲು ಯಾವ ರಾಜ್ಯದಲ್ಲಿ ಹುಡುಗರ ತಂಡಗಳು ಹೆಚ್ಚಿದ್ದವೋ ಅಲ್ಲಿನ ಶಾಲೆಗಳು ಸಮಾನತೆಗಾಗಿ ಹುಡುಗಿಯರ ತಂಡಗಳನ್ನೂ ಹೆಚ್ಚು ಸಂಖ್ಯೆಯಲ್ಲಿ ಕಟ್ಟಬೇಕಾಯಿತು. ಹುಡುಗರು ಎಷ್ಟು ಆಡುತ್ತಿದ್ದರು ಎಂಬುದಕ್ಕೂ ಒಬ್ಬೊಬ್ಬ ಹುಡುಗಿಯ ಚುರುಕುತನಕ್ಕೂ ಸಂಬಂಧವಿಲ್ಲ. ಹೀಗೆ ರಾಜ್ಯ ರಾಜ್ಯಗಳ ನಡುವಿನ ಈ ವ್ಯತ್ಯಾಸವೇ ಪ್ರಯೋಗವಾಯಿತು. ರಾಜ್ಯವೊಂದರಲ್ಲಿ ಹುಡುಗಿಯರ ಕ್ರೀಡಾ ಭಾಗವಹಿಸುವಿಕೆ ಶೇಕಡಾ 10 ಅಂಶದಷ್ಟು ಏರಿದರೆ ಕಾಲೇಜು ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡಾ 1 ಅಂಶ, ಉದ್ಯೋಗಕ್ಕೆ ಇಳಿಯುವವರ ಪ್ರಮಾಣ ಶೇಕಡಾ 1ರಿಂದ 2 ಅಂಶ ಏರುತ್ತದೆ ಎಂದು ಫಲಿತಾಂಶ ಹೇಳಿತು. ಗಂಡಸರದೇ ಎನಿಸಿದ್ದ ಉನ್ನತ ಕೌಶಲದ ಕೆಲಸಗಳಿಗೂ ಹೆಚ್ಚು ಮಹಿಳೆಯರು ಕಾಲಿಟ್ಟರು. ರಾಬರ್ಟ್ ಕೇಸ್ಟ್ನರ್ ಮತ್ತು ಶಿನ್ ಶೂ ಇದೇ ಕಾನೂನಿನ ಪರಿಣಾಮವನ್ನು ಆರೋಗ್ಯದ ಕಡೆಯಿಂದ ನೋಡಿ, ಎರಡು ದಶಕಗಳ ನಂತರವೂ ಆ ಪೀಳಿಗೆಯ ಮಹಿಳೆಯರಲ್ಲಿ ಬೊಜ್ಜಿನ ಪ್ರಮಾಣ ಕಡಿಮೆ ಇರುವುದನ್ನು ಕಂಡರು.

ಇದೇ ಕಾನೂನಿಗೆ ಯಾರೂ ಬಯಸದ ಒಂದು ಪರಿಣಾಮವೂ ಇತ್ತು. ಲಿಂಡಾ ಜೀನ್ ಕಾರ್ಪೆಂಟರ್ ಮತ್ತು ವಿವಿಯನ್ ಅಕೋಸ್ಟಾ ದಶಕಗಟ್ಟಲೆ ಕಾಲೇಜು ಕ್ರೀಡೆಯ ಲೆಕ್ಕ ಇಟ್ಟರು. 1972ರಲ್ಲಿ ಮಹಿಳಾ ತಂಡಗಳ ತರಬೇತುದಾರರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಮಹಿಳೆಯರೇ ಆಗಿದ್ದರೆ, ನಲವತ್ತು ವರ್ಷಗಳ ನಂತರ ಆ ಪಾಲು ಸುಮಾರು ಶೇಕಡಾ 43ಕ್ಕೆ ಇಳಿದಿತ್ತು. ಹುದ್ದೆಗೆ ಸಂಬಳ, ಗೌರವ ಬಂದೊಡನೆ ಗಂಡಸರೂ ಅರ್ಜಿ ಹಾಕತೊಡಗಿದರು. ಪುರುಷ ತಂಡಗಳ ತರಬೇತಿಯ ಬಾಗಿಲು ಮಾತ್ರ ಮಹಿಳೆಯರಿಗೆ ಅದೇ ಅಳತೆಯಲ್ಲಿ ತೆರೆಯಲಿಲ್ಲ. ತರಬೇತುದಾರರ ಸಾಮರ್ಥ್ಯದಲ್ಲಿ ಲಿಂಗಭೇದ ಇದೆಯೇ ಎಂದು ಫ್ರಾನ್ಸ್, ಜರ್ಮನಿ, ನಾರ್ವೆಗಳ ಉನ್ನತ ಮಹಿಳಾ ಫುಟ್‌ಬಾಲ್ ಲೀಗುಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದು ತಂಡದ ಫಲಿತಾಂಶದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ ಎಂದಿತು.

ಹೆಣ್ಣುಮಕ್ಕಳು ಪೈಪೋಟಿಗೆ ಹಿಂಜರಿಯುತ್ತಾರೆಯೇ?

ಕಂಪನಿಗಳ ಮೇಲ್ದರ್ಜೆಯಲ್ಲಿ ಮಹಿಳೆಯರು ಕಡಿಮೆ ಇರುವುದಕ್ಕೆ ಪೈಪೋಟಿಯ ಹಿಂಜರಿಕೆ ಕಾರಣವಿರಬಹುದೇ ಎಂಬುದು ಈ ಶತಮಾನದ ಆರಂಭದಲ್ಲಿ ಬಿಸಿ ಚರ್ಚೆ. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಇಸ್ರೇಲಿನ ನಾಲ್ಕನೇ ತರಗತಿಯ ಮಕ್ಕಳನ್ನು 40 ಮೀಟರ್ ಓಡಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬೊಬ್ಬರೇ ಓಡಿದಾಗಿನದಕ್ಕಿಂತ ಜೊತೆಗಾರನೊಡನೆ ಓಡಿದಾಗ ಹುಡುಗರ ವೇಗ ಹೆಚ್ಚಿತು, ಹುಡುಗಿಯರದು ಹೆಚ್ಚಲಿಲ್ಲ. ಸ್ವೀಡನ್ನಿನಲ್ಲಿ ಅನ್ನಾ ಡ್ರೆಬರ್ ಮತ್ತು ಸಂಗಡಿಗರು ಅದೇ ಮಾದರಿಯ ಪ್ರಯೋಗವನ್ನು ಓಟ, ಹಗ್ಗದಾಟ, ನೃತ್ಯಗಳೊಂದಿಗೆ ನಡೆಸಿದಾಗ, 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಡುಗ-ಹುಡುಗಿಯರ ನಡುವೆ ಅಂತರವೇ ಇರಲಿಲ್ಲ. ಹಾಗಾದರೆ ಇದು ಹುಟ್ಟುಗುಣವೋ, ಬೆಳೆದ ಪರಿಸರವೋ?

ಈ ಪ್ರಶ್ನೆಗೆ ಹೆಚ್ಚು ಬೆಳಕು ಬಿದ್ದದ್ದು ನಮ್ಮ ಮೇಘಾಲಯದಿಂದ. ಗ್ನೀಜಿ, ಕೆನೆತ್ ಲೆನಾರ್ಡ್, ಜಾನ್ ಲಿಸ್ಟ್ ಅವರು ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಖಾಸಿ ಸಮುದಾಯವನ್ನೂ, ಗಂಡಾಳಿಕೆ ಬಿಗಿಯಾಗಿರುವ ತಾಂಜಾನಿಯಾದ ಮಸಾಯಿ ಸಮುದಾಯವನ್ನೂ ಆರಿಸಿಕೊಂಡರು. ಟೆನಿಸ್ ಚೆಂಡನ್ನು ಬಕೆಟ್ಟಿಗೆ ಎಸೆಯುವುದು ಆಟ. ಬಿದ್ದ ಪ್ರತಿ ಚೆಂಡಿಗೆ ಇಂತಿಷ್ಟು ಹಣ ಸಾಕೋ, ಅಥವಾ ಎದುರಾಳಿಯನ್ನು ಸೋಲಿಸಿದರಷ್ಟೇ ಸಿಗುವ ಹೆಚ್ಚಿನ ಹಣ ಬೇಕೋ ಎಂದು ಕೇಳಲಾಯಿತು. ಮಸಾಯಿ ಗಂಡಸರಲ್ಲಿ ಅರ್ಧದಷ್ಟು ಮಂದಿ ಪೈಪೋಟಿ ಆರಿಸಿಕೊಂಡರೆ ಹೆಂಗಸರಲ್ಲಿ ಕಾಲುಭಾಗ ಮಾತ್ರ. ಖಾಸಿಗಳಲ್ಲಿ ಇದು ತಲೆಕೆಳಗಾಯಿತು: ಹೆಂಗಸರಲ್ಲಿ ಶೇಕಡಾ 54, ಗಂಡಸರಲ್ಲಿ 39. 2009ರ ಈ ಪ್ರಬಂಧ ಹೆಣ್ಣಿನ ಸ್ವಭಾವದ ಬಗ್ಗೆ ಸಲೀಸಾಗಿ ಆಡುತ್ತಿದ್ದ ಮಾತುಗಳಿಗೆ ತಡೆ ಹಾಕಿತು.

ವೃತ್ತಿಪರ ಟೆನಿಸ್ ಇನ್ನೊಂದು ಗಣಿ. ಗಂಡಸರೂ ಹೆಂಗಸರೂ ಅದೇ ಅಂಗಣದಲ್ಲಿ, ಹೆಚ್ಚು ಕಡಿಮೆ ಅದೇ ನಿಯಮದಲ್ಲಿ ಆಡುವ, ಪ್ರತಿ ಅಂಕವೂ ದಾಖಲಾಗುವ ಅಪರೂಪದ ಆಟ ಅದು. ಒತ್ತಡದ ಗಳಿಗೆಯಲ್ಲಿ ಯಾರು ಹೆಚ್ಚು ಕುಸಿಯುತ್ತಾರೆ ಎಂದು 2010ರ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳ ಸಾವಿರಾರು ಗೇಮ್‌ಗಳನ್ನು ಡ್ಯಾನಿ ಕೊಹೆನ್-ಜಾಡಾ, ಅಲೆಕ್ಸ್ ಕ್ರುಮರ್ ಮತ್ತು ಸಂಗಡಿಗರು ಪರಿಶೀಲಿಸಿದರು. ನಿರ್ಣಾಯಕ ಹಂತದಲ್ಲಿ ಗಂಡಸರ ಆಟ ಸ್ಪಷ್ಟವಾಗಿ ಹದಗೆಟ್ಟಿತು. ಮಹಿಳೆಯರಲ್ಲಿ ಕುಸಿತ ಇದ್ದರೂ ಅದಕ್ಕಿಂತ ಬಹಳ ಕಡಿಮೆ. ಆದರೆ ವೃತ್ತಿಪರ ಆಟಗಾರ್ತಿ ಸಾವಿರಾರು ಪೈಪೋಟಿಗಳನ್ನು ಗೆದ್ದೇ ಅಲ್ಲಿಗೆ ಬಂದವಳು. ಅವಳ ಆಟ ನೋಡಿ ಬ್ಯಾಂಕಿನಲ್ಲಿ ಬಡ್ತಿಗೆ ಕಾಯುತ್ತಿರುವ ಮಹಿಳೆಯ ಬಗ್ಗೆ ತೀರ್ಪು ಕೊಡಲಾಗದು. ಮಹಿಳಾ ಕ್ರೀಡೆಯನ್ನು ಬರೀ ಸಾಧನವಾಗಿ ಬಳಸಿದ ಸಂಶೋಧನೆಯ ಮಿತಿ ಇದು.

ಬೇಡಿಕೆ: ಯಾರು ನೋಡುತ್ತಾರೆ, ಯಾಕೆ ನೋಡುತ್ತಾರೆ

ಪ್ರೇಕ್ಷಕರು ಆಟದ ಗುಣಮಟ್ಟವನ್ನು ನೋಡಿ ತೀರ್ಮಾನಿಸುತ್ತಾರೋ, ಆಡುವವರು ಯಾರು ಎಂಬುದನ್ನೋ? ಕಾರ್ಲೋಸ್ ಗೋಮೆಸ್-ಗೊನ್ಸಾಲೆಸ್, ಹೆಲ್ಮುಟ್ ಡೀಟ್ಲ್, ಡೇವಿಡ್ ಬೆರ್ರಿ, ಕಾರ್ನಲ್ ನೆಸ್ಲರ್ ಅವರು 613 ಜನರಿಗೆ ಉನ್ನತ ಮಟ್ಟದ ಪುರುಷ ಮತ್ತು ಮಹಿಳಾ ಫುಟ್‌ಬಾಲ್ ಪಂದ್ಯಗಳ ದೃಶ್ಯತುಣುಕುಗಳನ್ನು ತೋರಿಸಿ ಅಂಕ ಕೇಳಿದರು. ಒಂದು ಗುಂಪು ಯಥಾವತ್ ದೃಶ್ಯ ನೋಡಿತು. ಇನ್ನೊಂದು ಗುಂಪಿಗೆ ಆಟಗಾರರು ಗಂಡೋ ಹೆಣ್ಣೋ ತಿಳಿಯದಂತೆ ಮಸುಕುಗೊಳಿಸಿ ತೋರಿಸಲಾಯಿತು. ಮೊದಲ ಗುಂಪು ಗಂಡಸರ ಆಟಕ್ಕೆ ಹೆಚ್ಚು ಅಂಕ ಕೊಟ್ಟಿತು. ಎರಡನೆಯ ಗುಂಪಿನಲ್ಲಿ ಗಮನಾರ್ಹ ಅಂತರವೇ ಇರಲಿಲ್ಲ. ಗ್ಯಾರಿ ಬೆಕರ್ 1957ರಲ್ಲಿ ತಾರತಮ್ಯದ ಅರ್ಥಶಾಸ್ತ್ರ ಬರೆದಾಗ ಮಾಲೀಕ, ಸಹೋದ್ಯೋಗಿಗಳ ಜೊತೆಗೆ ಗ್ರಾಹಕನೂ ತಾರತಮ್ಯ ಮಾಡಬಲ್ಲ ಎಂದಿದ್ದರು. ಈ ಪ್ರಯೋಗ ಅದಕ್ಕೆ ಉದಾಹರಣೆಯಂತಿದೆ. ತುಣುಕು ನೋಡಿ ಮೆಚ್ಚುವುದಕ್ಕೂ ಟಿಕೆಟ್ ಕೊಂಡು ತೊಂಬತ್ತು ನಿಮಿಷ ಕೂರುವುದಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ನೋಡಲು ಸಿಗದ್ದನ್ನು ಯಾರೂ ಇಷ್ಟಪಡಲಾರರು. ಸಮಾಜಶಾಸ್ತ್ರಜ್ಞರಾದ ಷೆರಿಲ್ ಕುಕಿ, ಮೈಕೆಲ್ ಮೆಸ್ನರ್ ಮತ್ತು ತಂಡ 1989ರಿಂದ 2019ರವರೆಗೆ ಐದೈದು ವರ್ಷಕ್ಕೊಮ್ಮೆ ಅಮೆರಿಕದ ಟಿವಿ ಕ್ರೀಡಾ ಸುದ್ದಿಯನ್ನು ಅಳೆದರು. ಮೂವತ್ತು ವರ್ಷ ಕಳೆದರೂ ಮಹಿಳೆಯರಿಗೆ ಸಿಗುತ್ತಿದ್ದ ಸಮಯ ಸುಮಾರು ಶೇಕಡಾ 5ರಲ್ಲೇ ನಿಂತಿತ್ತು. ತದ್ವಿರುದ್ಧವಾಗಿ, ದೊಡ್ಡ ಪಂದ್ಯಾವಳಿಯೊಂದು ಎಲ್ಲರ ಕಣ್ಣಿಗೆ ಬಿದ್ದರೆ ಲೀಗಿನ ಪಂದ್ಯಗಳಿಗೂ ಜನ ಬರುತ್ತಾರೆ ಎಂಬುದನ್ನು 2011ರ ಮಹಿಳಾ ವಿಶ್ವಕಪ್ ನಂತರದ ಅಮೆರಿಕನ್ ಲೀಗಿನ ಅಧ್ಯಯನ ತೋರಿಸಿತು. ಮುಂದಿನ ವರ್ಷವೇ ಆ ಲೀಗು ಮುಚ್ಚಿದ್ದು, ಬಂದ ಜನರನ್ನು ಉಳಿಸಿಕೊಳ್ಳಲು ಬೇಕಾದ ಬಂಡವಾಳ, ತಾಳ್ಮೆ ಬೇರೆಯೇ ಎಂಬುದರ ಪಾಠ. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಭಾರತ-ಆಸ್ಟ್ರೇಲಿಯಾ ನಡುವಿನ ಮಹಿಳಾ ಟಿ20 ವಿಶ್ವಕಪ್ ಫೈನಲ್‌ಗೆ ಸೇರಿದ 86,174 ಜನರನ್ನು ಕರೆತರಲೂ ದೀರ್ಘಕಾಲದ ಪ್ರಚಾರ ನಡೆದಿತ್ತು.

ಗಂಟಿನಲ್ಲಿ ಕಳೆದುಹೋದ ಬೆಲೆ

ಕ್ರೀಡೆಗೆ ಬರುವ ಹಣದ ದೊಡ್ಡ ಪಾಲು ಪ್ರಸಾರ ಹಕ್ಕಿನದು. ಬಹುಕಾಲ ಮಹಿಳಾ ಪಂದ್ಯಗಳ ಹಕ್ಕನ್ನು ಬೇರೆ ಹಕ್ಕುಗಳ ಜೊತೆ ಒಂದೇ ಗಂಟು ಕಟ್ಟಿ ಮಾರುತ್ತಿದ್ದರು. ಅಂಗಡಿಯಲ್ಲಿ ಎರಡು ಸೋಪು ಕೊಂಡರೆ ಒಂದು ಬಾಚಣಿಗೆ ಉಚಿತ ಎಂದಾಗ ಬಾಚಣಿಗೆಯ ಬೆಲೆ ಸೊನ್ನೆ ಎಂದಲ್ಲ, ಬಿಲ್ಲಿನಲ್ಲಿ ಅದು ಕಾಣುವುದಿಲ್ಲ ಅಷ್ಟೆ. ಬಿಲ್ಲಿನಲ್ಲಿ ಕಾಣದ ಆದಾಯವನ್ನು ಆಮೇಲೆ ‘ಇಲ್ಲದ ಆದಾಯ’ ಎಂದು ವಾದಿಸುವುದು ಸುಲಭವಾಯಿತು.

ಇದು ಬಯಲಾದದ್ದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ. 2021ರ ರಾಷ್ಟ್ರೀಯ ಪಂದ್ಯಾವಳಿಯ ವೇಳೆ ಆಟಗಾರ್ತಿಯೊಬ್ಬರು ಪುರುಷರಿಗೂ ಮಹಿಳೆಯರಿಗೂ ಒದಗಿಸಿದ್ದ ವ್ಯಾಯಾಮಶಾಲೆಗಳ ಅಜಗಜಾಂತರವನ್ನು ವಿಡಿಯೊದಲ್ಲಿ ತೋರಿಸಿದಾಗ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಹೊರಗಿನ ವಕೀಲರಿಂದ ತನಿಖೆ ಮಾಡಿಸಿತು. ಮಹಿಳಾ ಬ್ಯಾಸ್ಕೆಟ್‌ಬಾಲನ್ನೂ ಇನ್ನಿತರ 28 ಪಂದ್ಯಾವಳಿಗಳನ್ನೂ ಒಟ್ಟು ಸೇರಿಸಿ ವರ್ಷಕ್ಕೆ ಸುಮಾರು 3.4 ಕೋಟಿ ಡಾಲರಿಗೆ ಮಾರಲಾಗಿತ್ತು. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಂದಕ್ಕೇ 2025ರಲ್ಲಿ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬರಬಹುದು ಎಂಬುದು ವರದಿಗಾಗಿ ಮಾಡಿದ ಅಂದಾಜು. ಪಂದ್ಯಾವಳಿಯ ಹೆಸರಾಂತ ಬ್ರ್ಯಾಂಡ್ ‘ಮಾರ್ಚ್ ಮ್ಯಾಡ್ನೆಸ್’ ಕೂಡ ಆವರೆಗೆ ಪುರುಷರಿಗೆ ಮಾತ್ರ ಬಳಕೆಯಾಗುತ್ತಿತ್ತು. ಇನ್ನೊಂದು ಸೂಕ್ಷ್ಮವೂ ಇತ್ತು. ಪುರುಷರ ಪಂದ್ಯಾವಳಿಯಲ್ಲಿ ಮುಂದೆ ಸಾಗಿದ ತಂಡಗಳಿಂದಾಗಿ ಕಾಲೇಜು ಕೂಟಗಳಿಗೆ ಹಣ ಸಿಗುತ್ತಿತ್ತು, ಮಹಿಳೆಯರ ಗೆಲುವಿಗೆ ಒಂದು ಕಾಸೂ ಇರಲಿಲ್ಲ. ಹಾಗಿರುವಾಗ ಕಾಲೇಜು ಯಾವ ತಂಡಕ್ಕೆ ಹಣ ಹೂಡೀತು? ಆ ನಿಯಮ ಬದಲಾದದ್ದು 2025ರಲ್ಲಿ. 2024ರ ಮಹಿಳಾ ಫೈನಲ್ ಅನ್ನು ಅಮೆರಿಕದಲ್ಲಿ ಸರಾಸರಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಪುರುಷರ ಫೈನಲ್‌ಗೆ 1.5 ಕೋಟಿಯೂ ಇರಲಿಲ್ಲ. ಫಿಫಾ ಮಹಿಳಾ ವಿಶ್ವಕಪ್ಪಿನ ಹಕ್ಕನ್ನು ಬಿಡಿಯಾಗಿ ಮಾರಿದ್ದು 2023ರ ಪಂದ್ಯಾವಳಿಗೆ, ಅದೇ ಮೊದಲು.

ಸಮಾನ ವೇತನ: ಯಾವುದಕ್ಕೆ ಸಮ?

ಟೆನಿಸ್ ಈ ಹೋರಾಟದ ಹಳೆಯ ಅಖಾಡ. 1970ರಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿ ಒಂಬತ್ತು ಆಟಗಾರ್ತಿಯರು ಸಾಂಕೇತಿಕವಾಗಿ ಒಂದು ಡಾಲರಿಗೆ ಸಹಿ ಹಾಕಿ ಬೇರೆಯೇ ಪಂದ್ಯಾವಳಿ ಕಟ್ಟಿದರು. 1973ರಲ್ಲಿ ಅಮೆರಿಕನ್ ಓಪನ್ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್ ಅಲ್ಲಿಗೆ ತಲುಪಿದ್ದು 2007ರಲ್ಲಿ. ಗಂಡಸರು ಐದು ಸೆಟ್ ಆಡುತ್ತಾರೆ, ಹೆಂಗಸರು ಮೂರೇ ಎಂಬ ಆಕ್ಷೇಪ ಆಗಾಗ ಏಳುತ್ತದೆ. ಆದರೆ ಎಡ್ವರ್ಡ್ ಲೇಜಿಯರ್ ಮತ್ತು ಶೆರ್ವಿನ್ ರೋಸೆನ್ 1981ರಲ್ಲಿ ರೂಪಿಸಿದ ಪಂದ್ಯಾವಳಿ ಸಿದ್ಧಾಂತದಲ್ಲಿ ಬಹುಮಾನ ಗಂಟೆಯ ಕೂಲಿಯಲ್ಲ, ಅದು ಸ್ಥಾನಕ್ಕೆ ಕೊಡುವ ಪ್ರೋತ್ಸಾಹ. ಬಹುಮಾನದ ಅಂತರ ಹೆಚ್ಚಿದಂತೆ ಆಟದ ಕಸುವು ಹೆಚ್ಚುತ್ತದೆಯೇ ಎಂದು ಮಹಿಳಾ ಟೆನಿಸ್ ದಾಖಲೆಗಳಲ್ಲೇ ಪರೀಕ್ಷಿಸಿದ ಪ್ರಬಂಧಗಳು 2008ರ ಸುಮಾರಿಗೆ ಬಂದವು.

ತಂಡದ ಆಟಗಳಲ್ಲಿ ಲೆಕ್ಕ ಇನ್ನೂ ಜಟಿಲ. ಸಂಬಳದ ಮೊತ್ತವನ್ನೇ ಹೋಲಿಸಬೇಕೋ, ಆದಾಯದಲ್ಲಿ ಆಟಗಾರರಿಗೆ ಸಿಗುವ ಪಾಲನ್ನೋ? ಎನ್‌ಬಿಎ ಆಟಗಾರರಿಗೆ ಲೀಗಿನ ಆದಾಯದ ಸುಮಾರು ಅರ್ಧ ಸೇರುತ್ತದೆ. ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಲೀಗು ಡಬ್ಲ್ಯುಎನ್‌ಬಿಎಯ ಆಟಗಾರ್ತಿಯರಿಗೆ ಕಾಲುಭಾಗವೂ ಸಿಗುತ್ತಿಲ್ಲ ಎಂದು ಬೆರ್ರಿ ಕಳೆದ ದಶಕದಲ್ಲಿ ಅಂದಾಜು ಮಾಡಿದರು. ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡ 2019ರಲ್ಲಿ ಹೂಡಿದ ದಾವೆಯಲ್ಲಿ ಒಪ್ಪಂದದ ಸ್ವರೂಪವೇ ಮುಖ್ಯವಾಯಿತು. ಪುರುಷರಿಗೆ ಆಡಿದರೆ ಮಾತ್ರ, ಗೆದ್ದರೆ ಹೆಚ್ಚು ಹಣ. ಮಹಿಳೆಯರ ಒಪ್ಪಂದದಲ್ಲಿ ಖಚಿತ ಸಂಬಳ, ಆದರೆ ಕಡಿಮೆ ಬೋನಸ್. ಮಹಿಳೆಯರು ಹೆಚ್ಚು ಪಂದ್ಯ ಆಡಿ, ಹೆಚ್ಚು ಗೆದ್ದು, ಒಟ್ಟು ಮೊತ್ತದಲ್ಲಿ ಪುರುಷರಿಗಿಂತ ಕಡಿಮೆ ಪಡೆದಿಲ್ಲ ಎಂದು 2020ರಲ್ಲಿ ಕೆಳ ನ್ಯಾಯಾಲಯ ವೇತನದ ವಾದವನ್ನು ತಳ್ಳಿಹಾಕಿತು. ಅಷ್ಟೇ ಹಣಕ್ಕೆ ಹೆಚ್ಚು ಗೆಲ್ಲಬೇಕಾಗಿ ಬಂದದ್ದೇ ತಾರತಮ್ಯ ಎಂಬುದು ಆಟಗಾರ್ತಿಯರ ಉತ್ತರ. 2022ರ ಫೆಬ್ರುವರಿಯಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು. ಮೇ ತಿಂಗಳ ಹೊಸ ಒಪ್ಪಂದದಂತೆ ವಿಶ್ವಕಪ್ಪಿನ ಬಹುಮಾನವನ್ನು ಎರಡೂ ತಂಡಗಳು ಒಟ್ಟುಗೂಡಿಸಿ ಸಮನಾಗಿ ಹಂಚಿಕೊಳ್ಳುತ್ತವೆ.

ದೇಶಗಳ ಯಶಸ್ಸು ಮತ್ತು ಮಹಿಳೆಯರ ಸ್ಥಾನಮಾನ

ಒಲಿಂಪಿಕ್ ಪದಕಗಳನ್ನು ಜನಸಂಖ್ಯೆ ಮತ್ತು ತಲಾ ಆದಾಯ ಬಹುಪಾಲು ವಿವರಿಸುತ್ತವೆ ಎಂದು ಆಂಡ್ರ್ಯೂ ಬರ್ನಾರ್ಡ್ ಮತ್ತು ಮೇಘನ್ ಬುಸ್ಸೆ 2004ರಲ್ಲಿ ತೋರಿಸಿದರು. ಮಹಿಳೆಯರ ಸಾಧನೆಗೆ ಬಂದಾಗ ಇನ್ನೊಂದು ಅಂಶ ಸೇರುತ್ತದೆ: ಆ ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಓದು, ಉದ್ಯೋಗಗಳಲ್ಲಿ ಸಿಗುವ ಅವಕಾಶ. ಆರನ್ ಲೋವೆನ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ ಲಿಂಗ ಸಮಾನತೆ ಹೆಚ್ಚಿದ ದೇಶಗಳ ಮಹಿಳೆಯರಷ್ಟೇ ಅಲ್ಲ, ಗಂಡಸರೂ ಹೆಚ್ಚು ಪದಕ ಗೆದ್ದದ್ದು ಕಂಡುಬಂತು. ಭಾರತದ ಮಟ್ಟಿಗೆ ಅನಿರುದ್ಧ ಕೃಷ್ಣ ಮತ್ತು ಎರಿಕ್ ಹ್ಯಾಗ್ಲಂಡ್ 2008ರಲ್ಲಿ ಒಂದು ಒಳನೋಟ ಕೊಟ್ಟರು. ನೂರು ಕೋಟಿ ಜನರಿದ್ದರೂ ಆಟದ ಅವಕಾಶದ ಸುದ್ದಿ, ದಾರಿ, ಸೌಕರ್ಯ ತಲುಪುವ ‘ಪರಿಣಾಮಕಾರಿ ಜನಸಂಖ್ಯೆ’ ಬಹಳ ಸಣ್ಣದು ಎಂಬುದು ಅವರ ವಾದ. ಹುಡುಗಿಯರನ್ನು ಮೈದಾನಕ್ಕೆ ಬಿಡದ ಊರಿನಲ್ಲಿ ಆ ಸಣ್ಣ ಸಂಖ್ಯೆ ಇನ್ನೂ ಕುಗ್ಗುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಎರಡೂ ಪದಕ ಗೆದ್ದವರು ಮಹಿಳೆಯರು, ಸಾಕ್ಷಿ ಮಲಿಕ್ ಮತ್ತು ಪಿ.ವಿ. ಸಿಂಧು.

ಭಾರತದ ಕ್ರಿಕೆಟ್ ಕೊಡುವ ಲೆಕ್ಕ

ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಬೆಂಗಳೂರಿನಲ್ಲಿ, ಕರ್ನಾಟಕದ ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ. ಮಹಿಳಾ ಕ್ರಿಕೆಟ್ ಸಂಸ್ಥೆ ಬಿಸಿಸಿಐ ಜೊತೆ ವಿಲೀನವಾದದ್ದು 2006ರಲ್ಲಿ, ಆಟಗಾರ್ತಿಯರಿಗೆ ವಾರ್ಷಿಕ ಗುತ್ತಿಗೆ ಸಿಕ್ಕಿದ್ದು 2015ರಲ್ಲಿ. 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಪಂದ್ಯ ಶುಲ್ಕವನ್ನು ಸಮ ಮಾಡಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ಆಗ ವಾರ್ಷಿಕ ಗುತ್ತಿಗೆಯಲ್ಲಿ ಮಹಿಳೆಯರ ಅತ್ಯುನ್ನತ ದರ್ಜೆಗೆ 50 ಲಕ್ಷ, ಪುರುಷರ ಅತ್ಯುನ್ನತ ದರ್ಜೆಗೆ 7 ಕೋಟಿ. ಶುಲ್ಕ ಸಮವಾದರೂ ಆಡಲು ಸಿಗುವ ಪಂದ್ಯಗಳೇ ಕಡಿಮೆ ಇದ್ದರೆ ವರ್ಷದ ಗಳಿಕೆ ಸಮವಾಗದು.

2023ರಲ್ಲಿ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗ್ ಅಂಕಿಅಂಶಗಳ ಹೊಸ ಬಾಗಿಲು ತೆರೆಯಿತು. ಐದು ಫ್ರಾಂಚೈಸಿಗಳು 4,669.99 ಕೋಟಿ ರೂಪಾಯಿಗೆ ಮಾರಾಟವಾದವು. ಬೆಂಗಳೂರು ತಂಡದ ಬೆಲೆ 901 ಕೋಟಿ. ಐದು ವರ್ಷದ ಪ್ರಸಾರ ಹಕ್ಕು 951 ಕೋಟಿಗೆ ಹೋಯಿತು. ಮೊದಲ ವರ್ಷ ಪ್ರತಿ ತಂಡ ಆಟಗಾರ್ತಿಯರ ಮೇಲೆ ಖರ್ಚು ಮಾಡಬಹುದಾಗಿದ್ದ ಮಿತಿ 12 ಕೋಟಿ, ಆ ವರ್ಷದ ಐಪಿಎಲ್ ತಂಡಕ್ಕೆ 95 ಕೋಟಿ. ಈ ಎಂಟು ಪಟ್ಟು ಅಂತರವೇ ಸಾಮಾನ್ಯವಾಗಿ ಸುದ್ದಿಯಾಗುತ್ತದೆ. ಪಾಲಿನ ಲೆಕ್ಕ ಹಿಡಿದರೆ ಬೇರೆಯೇ ಚಿತ್ರ. ಮಹಿಳಾ ಲೀಗಿನ ಪ್ರಸಾರ ಹಣ ವರ್ಷಕ್ಕೆ ಸರಾಸರಿ 190 ಕೋಟಿ, ಐದು ತಂಡಗಳ ಸಂಬಳದ ಮಿತಿ 60 ಕೋಟಿ. ಅಂದರೆ ಸುಮಾರು ಶೇಕಡಾ 32. ಐಪಿಎಲ್‌ನ 48,390 ಕೋಟಿಯ ಪ್ರಸಾರ ಹಕ್ಕನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 9,678 ಕೋಟಿ, ಹತ್ತು ತಂಡಗಳ ಸಂಬಳದ ಮಿತಿ 950 ಕೋಟಿ; ಸುಮಾರು ಶೇಕಡಾ 10. ಪ್ರಾಯೋಜಕರ ಹಣ, ಟಿಕೆಟ್ ಆದಾಯ ಸೇರಿಸಿದರೆ ಈ ಪ್ರಮಾಣಗಳು ಬದಲಾಗುತ್ತವೆ. ಆದರೂ ಒಂದು ಮಾತು ಸ್ಪಷ್ಟ. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಹಿಳೆಯರ ದೂರು ಆದಾಯದ ಪಾಲಿನ ಬಗ್ಗೆ. ಭಾರತದ ಕ್ರಿಕೆಟ್‌ನಲ್ಲಿ ಅಂತರದ ಮೂಲ ಪ್ರಸಾರ ಹಕ್ಕಿನ ಬೆಲೆಯಲ್ಲೇ ಇದೆ. ಒಂದು ದೇಶದ ಸಂಶೋಧನೆಯ ತೀರ್ಮಾನವನ್ನು ಇನ್ನೊಂದಕ್ಕೆ ಹಾಗೆಯೇ ಹಚ್ಚಲಾಗದು.

ವಿಜಯಪುರದ ರಾಜೇಶ್ವರಿ ಗಾಯಕವಾಡ, ಕಡೂರಿನ ವೇದಾ ಕೃಷ್ಣಮೂರ್ತಿ ಆಡಲು ಶುರುಮಾಡಿದಾಗ ಹರಾಜೂ ಇರಲಿಲ್ಲ, ಫ್ರಾಂಚೈಸಿಯೂ ಇರಲಿಲ್ಲ. ಶ್ರೇಯಾಂಕಾ ಪಾಟೀಲರ ಪೀಳಿಗೆಗೆ ಎರಡೂ ಇವೆ. 2024ರಲ್ಲಿ ಬೆಂಗಳೂರಿನ ಮಹಿಳಾ ತಂಡ ಕಪ್ ಗೆದ್ದದ್ದು ಪುರುಷರ ತಂಡಕ್ಕಿಂತ ಒಂದು ವರ್ಷ ಮೊದಲು. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತ ಮಹಿಳಾ ಏಕದಿನ ವಿಶ್ವಕಪ್ ಗೆದ್ದಾಗ ಒಟ್ಟು ಬಹುಮಾನ 1.388 ಕೋಟಿ ಡಾಲರ್. 2023ರ ಪುರುಷರ ವಿಶ್ವಕಪ್ಪಿನದು 1 ಕೋಟಿ ಡಾಲರ್.

ಉಳಿದಿರುವ ಪ್ರಶ್ನೆಗಳು

ಬಸಿರು, ಬಾಣಂತನ ಆಟಗಾರ್ತಿಯ ವೃತ್ತಿಜೀವನದ ಗಳಿಕೆಯನ್ನು ಎಷ್ಟು ಕಡಿಮೆ ಮಾಡುತ್ತವೆ? ಫಿಫಾ 2021ರಿಂದ ಕನಿಷ್ಠ 14 ವಾರದ ವೇತನಸಹಿತ ರಜೆಯನ್ನು ಕಡ್ಡಾಯ ಮಾಡಿದೆ. ಅದರ ಪರಿಣಾಮ ಅಳೆಯಲು ತಕ್ಕ ಕಾಲ ಈಗ ಬರುತ್ತಿದೆ. ತಾರೆಯೊಬ್ಬಳ ಬರವು ಇಡೀ ಲೀಗಿನ ಆದಾಯವನ್ನು ಎಷ್ಟು ಎತ್ತುತ್ತದೆ, ಅದರಲ್ಲಿ ಅವಳಿಗೆ ಸಿಗುವುದೆಷ್ಟು? ಶಾಲೆಯಲ್ಲಿ ಕಬಡ್ಡಿ, ಕೊಕ್ಕೊ ಆಡಿದ ನಮ್ಮ ಹುಡುಗಿಯರ ಮುಂದಿನ ಓದು, ಮದುವೆಯ ವಯಸ್ಸು, ದುಡಿಮೆಗಳ ಮೇಲೆ ಆಟ ಏನು ಮಾಡಿದೆ? ಸ್ಟೀವನ್‌ಸನ್ ಅಮೆರಿಕದಲ್ಲಿ ಮಾಡಿದಂಥ ಅಧ್ಯಯನಕ್ಕೆ ಮೊದಲು ಬೇಕಾದದ್ದು ಯಾವ ಶಾಲೆಯಲ್ಲಿ ಎಷ್ಟು ಹುಡುಗಿಯರು ಆಡುತ್ತಾರೆ ಎಂಬ ನಂಬಲರ್ಹ, ವರ್ಷವರ್ಷದ ಎಣಿಕೆ.

ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಪ್ರಸಾರ ಒಪ್ಪಂದ 2027ಕ್ಕೆ ಮುಗಿಯುತ್ತದೆ. 2023ರ ಬೆಲೆ ನಿಗದಿಯಾದಾಗ ಯಾರೂ ಈ ಲೀಗಿನ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಅದು ಹೂಡಿಕೆದಾರರ ಊಹೆ. ಎರಡನೆಯ ಸಲ ಹಕ್ಕು ಮಾರಾಟವಾಗುವಾಗ ಐದು ವರ್ಷದ ವೀಕ್ಷಕರ ಲೆಕ್ಕ ಮೇಜಿನ ಮೇಲಿರುತ್ತದೆ. ಭಾರತದಲ್ಲಿ ಮಹಿಳಾ ಕ್ರೀಡೆಯ ಬೇಡಿಕೆಯನ್ನು ಊಹೆಯಿಂದ ಬಿಡಿಸಿ ಅಳೆಯುವ ಮೊದಲ ದೊಡ್ಡ ಅವಕಾಶ ಅದು. ಆ ಅಂಕಿಅಂಶಗಳು ಸಂಶೋಧಕರ ಕೈಗೂ ಸಿಕ್ಕಿದರೆ, ಬೇಡಿಕೆ ಇದೆಯೋ ಇಲ್ಲವೋ ಎಂಬ ವಾದವನ್ನು ಹಳೆಯ ನಂಬಿಕೆಗಳ ಮೇಲಲ್ಲದೆ ಲೆಕ್ಕದ ಮೇಲೆ ನಡೆಸಬಹುದು.